ಮೊದಲ ಪುಸ್ತಕವೇ ಸಪ್ಪೆಯಾದರೆ?

ಹದಿನೈದು ವರ್ಷದ ಹುಡುಗನೊಬ್ಬ ದಪ್ಪನೆಯ ಕಾದಂಬರಿ ಬರೆಯುತ್ತೇನೆಂದು ಕೂತರೆ ಮನೆಯವರು ಏನನ್ನುತ್ತಾರೆ? ನಮ್ಮಲ್ಲಾದರೆ ‘ಮೊದಲು ಎಸ್ಸೆಸ್ಸೆಲ್ಸಿ ಮುಗಿಸಪ್ಪ’ ಎನ್ನುತ್ತೇವೆ. ಅಮೆರಿಕದ ಮೊಂಟಾನಾ ರಾಜ್ಯದ ಕಣಿವೆಯೊಂದರಲ್ಲಿ ಬೆಳೆದ ಕ್ರಿಸ್ಟೊಫರ್ ಪಾವೊಲಿನಿಗೆ ಆ ತೊಂದರೆ ಇರಲಿಲ್ಲ. 1983ರಲ್ಲಿ ಹುಟ್ಟಿದ ಅವನು ಮನೆಯಲ್ಲೇ ಪಾಠ ಕಲಿತು, ಹದಿನೈದಕ್ಕೇ ಹೈಸ್ಕೂಲು ಓದು ಮುಗಿಸಿಬಿಟ್ಟಿದ್ದ. ಕೈಯಲ್ಲಿ ಬೇಕಾದಷ್ಟು ಹೊತ್ತು, ತಲೆಯ ತುಂಬ ಡ್ರ್ಯಾಗನ್‌ಗಳು. ಒಂದು ವರ್ಷ ಕೂತು ಬರೆದ. ಬರೆದದ್ದು ಅವನಿಗೇ ಹಿಡಿಸಲಿಲ್ಲ. ಇನ್ನೊಂದು ವರ್ಷ ಕೂತು ತಿದ್ದಿದ. ಅಪ್ಪ–ಅಮ್ಮ ತಮ್ಮದೇ ಪುಟ್ಟ ಪ್ರಕಾಶನದಿಂದ 2002ರಲ್ಲಿ ಅದನ್ನು ಅಚ್ಚು ಹಾಕಿಸಿದರು. ಒಳಗಿನ ಭೂಪಟವನ್ನೂ ರಕ್ಷಾಪುಟದ ಮೇಲಿನ ಡ್ರ್ಯಾಗನ್ ಕಣ್ಣನ್ನೂ ಹುಡುಗನೇ ಬಿಡಿಸಿದ. ಮಧ್ಯಯುಗದ ವೇಷ ತೊಟ್ಟು ನೂರಕ್ಕೂ ಹೆಚ್ಚು ಶಾಲೆ, ಗ್ರಂಥಾಲಯ, ಅಂಗಡಿಗಳನ್ನು ಸುತ್ತಿ, ಮಾತಾಡಿ, ಪುಸ್ತಕ ಮಾರಿದ.

ಆ ಕಡೆಗೆ ರಜೆ ಕಳೆಯಲು ಹೋಗಿದ್ದ ಕಾರ್ಲ್ ಹಯಾಸನ್ ಎಂಬ ಹೆಸರಾಂತ ಲೇಖಕರ ಮಲಮಗನ ಕೈಗೆ ಒಂದು ಪ್ರತಿ ಸಿಕ್ಕಿತು. ಹುಡುಗ ಓದಿ ಕುಣಿದಾಡಿದ. ಹಯಾಸನ್ ತಮ್ಮ ಪ್ರಕಾಶಕರಾದ ನಾಫ್ ಸಂಸ್ಥೆಗೆ ವಿಷಯ ಮುಟ್ಟಿಸಿದರು. ಹೀಗೆ 2003ರಲ್ಲಿ ‘ಎರಗಾನ್’ ಮತ್ತೆ ತಿದ್ದುಪಡಿಯಾಗಿ ದೊಡ್ಡ ಮಟ್ಟದಲ್ಲಿ ಹೊರಬಂತು. ಪಾವೊಲಿನಿಗೆ ಆಗ ಹತ್ತೊಂಬತ್ತು. ಪುಸ್ತಕ ಹೆಚ್ಚು ಮಾರಾಟವಾಗುವವುಗಳ ಪಟ್ಟಿ ಸೇರಿತು. 2006ರಲ್ಲಿ ಸಿನಿಮಾ ಆಯಿತು. ಮೂರು ಭಾಗ ಎಂದುಕೊಂಡಿದ್ದ ಸರಣಿ ನಾಲ್ಕಾಯಿತು: 2005ರಲ್ಲಿ ‘ಎಲ್ಡೆಸ್ಟ್’, 2008ರಲ್ಲಿ ‘ಬ್ರಿಸಿಂಗರ್’, 2011ರಲ್ಲಿ ‘ಇನ್‌ಹೆರಿಟೆನ್ಸ್’. ಹೆಸರಿನ ಗುಟ್ಟೂ ತಮಾಷೆಯದು. ಇಂಗ್ಲಿಷಿನ ‘ಡ್ರ್ಯಾಗನ್’ ಪದದ ಮೊದಲ ಅಕ್ಷರವಾದ ‘ಡಿ’ ತೆಗೆದು, ವರ್ಣಮಾಲೆಯಲ್ಲಿ ಅದರ ಮುಂದೆ ಬರುವ ‘ಇ’ ಹಾಕಿದರೆ ‘ಎರಗಾನ್’.

ಇಷ್ಟೆಲ್ಲ ಮೆರೆದ ಪುಸ್ತಕ ಕೈಗೆ ಬಂದಾಗ ನಿರಾಸೆ ಮಾಡಿದರೆ ಓದುವ ಹುಡುಗಿ ಯಾರನ್ನು ದೂರಬೇಕು? ನಮ್ಮ ಮನೆಯ ಹುಡುಗಿ ತನ್ನನ್ನೇ ದೂರಿಕೊಂಡಿದ್ದಳು.

ಡಬ್ಬದ ನಾಲ್ಕು ಪುಸ್ತಕ

ನನ್ನ ಅಣ್ಣನ ಮಗಳು ದಾವಣಗೆರೆಯಲ್ಲಿ ಒಂಬತ್ತನೇ ತರಗತಿ. ವಿದ್ಯಾನಗರದ ಅವರ ಮನೆಯಲ್ಲಿ ಟಿ.ವಿ. ಪಕ್ಕದ ಗಾಜಿನ ಕಪಾಟಿನಲ್ಲಿ ಈ ನಾಲ್ಕೂ ಪುಸ್ತಕಗಳ ಡಬ್ಬವಿದೆ. ಯುಗಾದಿಗೆ, ದೀಪಾವಳಿಗೆ, ಊರಿಗೆ ಬಂದ ನೆಂಟರು ಹೋಗುವಾಗ ಕೈಗಿಟ್ಟಿದ್ದು ಎಲ್ಲ ಕೂಡಿಟ್ಟು, ಸಾಲದ್ದಕ್ಕೆ ಅಪ್ಪನ ಹತ್ತಿರ ಪಡೆದು ತರಿಸಿಕೊಂಡದ್ದು. ಹ್ಯಾರಿ ಪಾಟರ್ ಏಳೂ ಮುಗಿಸಿದ್ದ ಹುಡುಗಿಗೆ ಇನ್ನೊಂದು ಮಾಯಾಲೋಕ ಬೇಕಿತ್ತು. ಮೊದಲ ವಾರ ಊಟಕ್ಕೆ ಕರೆದರೂ ಏಳಲಿಲ್ಲವಂತೆ. ಎರಡನೆಯ ವಾರ ಪುಸ್ತಕ ಮಂಚದಿಂದ ಮೇಜಿಗೆ ಬಂತು. ಮೂರನೆಯ ವಾರ ಕಪಾಟು ಸೇರಿತು.

ಅಣ್ಣನದು ವ್ಯಾಪಾರಿ ಲೆಕ್ಕ. ‘ಅಷ್ಟು ದುಡ್ಡು ಕೊಟ್ಟು ತಂದೀವಿ, ಅರ್ಧಕ್ಕೆ ಬಿಡಂಗಿಲ್ಲ, ನಾಲ್ಕೂ ಓದು’ ಎಂದ. ಅತ್ತಿಗೆಗೆ ಇನ್ನೊಂದು ಚಿಂತೆ. ‘ಇಂಗ್ಲಿಷ್ ಗಟ್ಟಿಯಾಗಿಲ್ಲ ಅನ್ಸುತ್ತೆ, ಅದಕ್ಕೇ ತಲೆಗೆ ಹತ್ತುತ್ತಿಲ್ಲ, ಟ್ಯೂಷನ್ನಿಗೆ ಹಾಕ್ಬೇಕೇನೋ’ ಎಂದು ನನ್ನನ್ನು ಕೇಳಿದರು. ಹುಡುಗಿ ಎರಡನ್ನೂ ಕೇಳಿಸಿಕೊಂಡಿದ್ದಳು. ದುಡ್ಡು ಹಾಳು ಮಾಡಿದೆ ಎನ್ನುವುದು ಒಂದು, ನನಗೆ ಓದೋಕೆ ಬರಲ್ಲ ಎನ್ನುವುದು ಇನ್ನೊಂದು. ನಾಲ್ಕು ತಿಂಗಳು ಅವಳು ಪಠ್ಯ ಬಿಟ್ಟು ಬೇರೆ ಒಂದು ಪುಸ್ತಕ ಮುಟ್ಟಲಿಲ್ಲ.

ನನಗೆ ದಿಗಿಲಾದದ್ದು ಈ ನಾಲ್ಕು ತಿಂಗಳಿಗೆ. ಒಂದು ಕಾದಂಬರಿ ಸಪ್ಪೆಯಾಗಿದ್ದರೆ ಏನೂ ಗಂಟು ಹೋಗುವುದಿಲ್ಲ. ಓದುವ ಹುಡುಗಿಯೊಬ್ಬಳು ಓದುವುದನ್ನೇ ಬಿಟ್ಟರೆ ಹೋಗುತ್ತದೆ.

ಹಾಗಾಗಿ ಒಂದು ಭಾನುವಾರ ಅವಳನ್ನು ಕೂರಿಸಿಕೊಂಡು ಕೇಳಿದೆ: ‘ಎಲ್ಲಿ ಬೇಜಾರಾಯ್ತು?’ ಮೊದಲು ‘ಗೊತ್ತಿಲ್ಲ ಅತ್ತೆ’ ಎಂದಳು. ಆಮೇಲೆ, ‘ಎಲ್ಲಾ ಎಲ್ಲೋ ಓದಿದಂಗೇ ಐತೆ’ ಎಂದಳು. ಆಮೇಲೆ ನಿಲ್ಲಲೇ ಇಲ್ಲ. ಅರ್ಧ ಗಂಟೆ ಮಾತಾಡಿದಳು. ಇಂಗ್ಲಿಷ್ ಗಟ್ಟಿಯಿಲ್ಲದ ಹುಡುಗಿ ಆಡುವ ಮಾತಾಗಿರಲಿಲ್ಲ ಅದು.

ಎಲ್ಲೋ ಓದಿದಂತೆ

(ಪುಸ್ತಕ ಓದಬೇಕೆಂದಿರುವವರು ಮುಂದಿನ ಎರಡು ಪ್ಯಾರಾ ಹಾರಿಸಬಹುದು. ಗುಟ್ಟುಗಳು ಬಯಲಾಗುತ್ತವೆ.)

ಎರಗಾನ್ ಒಬ್ಬ ರೈತರ ಮನೆಯ ಹುಡುಗ. ಅಪ್ಪ–ಅಮ್ಮ ಯಾರೆಂದು ಸರಿಯಾಗಿ ತಿಳಿಯದೆ ಸೋದರಮಾವನ ಮನೆಯಲ್ಲಿ ಬೆಳೆಯುತ್ತಿದ್ದಾನೆ. ಬೇಟೆಗೆ ಹೋದಾಗ ನೀಲಿಯ ಕಲ್ಲೊಂದು ಸಿಗುತ್ತದೆ. ಅದು ಕಲ್ಲಲ್ಲ, ಮೊಟ್ಟೆ. ಒಡೆದು ಸಫೀರಾ ಎಂಬ ಹೆಣ್ಣು ಡ್ರ್ಯಾಗನ್ ಹೊರಬರುತ್ತದೆ. ದುಷ್ಟ ದೊರೆ ಗಾಲ್ಬಟೋರಿಕ್ಸನ ಕಡೆಯವರು ಮೊಟ್ಟೆ ಹುಡುಕಿಕೊಂಡು ಬಂದು ಮನೆ ನಾಶ ಮಾಡುತ್ತಾರೆ, ಮಾವ ಸಾಯುತ್ತಾನೆ. ಊರಿನ ಕಥೆ ಹೇಳುವ ಮುದುಕ ಬ್ರೋಮ್ ಹುಡುಗನಿಗೆ ಕತ್ತಿ ಕೊಟ್ಟು, ಯುದ್ಧವಿದ್ಯೆ ಕಲಿಸುತ್ತಾ ಊರೂರು ಸುತ್ತಿಸುತ್ತಾನೆ. ಮುದುಕ ಒಂದು ಕಾಲದಲ್ಲಿ ತಾನೇ ದೊಡ್ಡ ವೀರನಾಗಿದ್ದವನು. ದಾರಿಯಲ್ಲಿ ಅವನೂ ಸಾಯುತ್ತಾನೆ. ಸೆರೆಯಲ್ಲಿರುವ ಎಲ್ಫ್ ಕುಲದ ರಾಜಕುಮಾರಿಯನ್ನು ಹುಡುಗ ಬಿಡಿಸಿ, ಬಂಡುಕೋರರ ಅಡಗುತಾಣ ಸೇರಿ, ಯುದ್ಧ ಗೆಲ್ಲುತ್ತಾನೆ.

1977ರ ‘ಸ್ಟಾರ್ ವಾರ್ಸ್’ ನೋಡಿದವರು ಇಷ್ಟು ಹೊತ್ತಿಗೆ ನಗುತ್ತಿರಬೇಕು. ಅಲ್ಲೂ ಚಿಕ್ಕಪ್ಪನ ಹೊಲಮನೆಯಲ್ಲಿ ಬೆಳೆದ ಹುಡುಗ. ಅಲ್ಲೂ ಸಾಮ್ರಾಜ್ಯದ ಸೈನಿಕರು ಮನೆ ಸುಡುತ್ತಾರೆ. ಅಲ್ಲೂ ಮುದುಕ ಗುರು, ಕೈಗಿಡುವ ಕತ್ತಿ, ಗುರುವಿನ ಸಾವು, ಸೆರೆಯಲ್ಲಿ ರಾಜಕುಮಾರಿ. ರಾಜಕುಮಾರಿ ಸಿಕ್ಕಿಬೀಳುವ ಮುಂಚೆ ಅಮೂಲ್ಯವಾದುದನ್ನು ದೂರ ಕಳಿಸಿಬಿಡುತ್ತಾಳಲ್ಲ, ಅದು ಕೂಡ ಒಂದೇ. ಅಲ್ಲಿ ಕೋಟೆಯ ನಕ್ಷೆ, ಇಲ್ಲಿ ಡ್ರ್ಯಾಗನ್ ಮೊಟ್ಟೆ. ಎಲ್ಫ್‌ಗಳು, ಕುಬ್ಜರು, ಅವರ ಭಾಷೆಗಳು ಟೋಲ್ಕಿನ್ ಕಡೆಯಿಂದ ಬಂದವು. ಸವಾರನ ಮನಸ್ಸಿನೊಡನೆ ಮಾತಾಡುವ ಡ್ರ್ಯಾಗನ್ ಆನ್ ಮೆಕಾಫ್ರಿಯ ಪರ್ನ್ ಕಥೆಗಳಲ್ಲಿ 1960ರ ದಶಕದಲ್ಲೇ ಹಾರಾಡಿತ್ತು. ವಸ್ತುವಿನ ನಿಜವಾದ ಹೆಸರು ಗೊತ್ತಾದರೆ ಅದನ್ನು ಆಳಬಹುದು ಎಂಬ ಮಂತ್ರವಿದ್ಯೆ ಅರ್ಸುಲಾ ಲಗ್ವಿನ್ ಅವರ ‘ಎ ವಿಜರ್ಡ್ ಆಫ್ ಅರ್ಥ್‌ಸೀ’ (1968) ಓದಿದವರಿಗೆ ಹಳೆಯ ನೆಂಟ. ಪುಸ್ತಕ ಬಂದಾಗಲೇ ವಿಮರ್ಶಕರಲ್ಲಿ ಹಲವರು ಇದನ್ನೆಲ್ಲ ಎತ್ತಿ ಆಡಿದ್ದರು. ವಿಮರ್ಶೆ ಓದದ ನಮ್ಮ ಹುಡುಗಿ ತಾನಾಗಿಯೇ ಅದೇ ಜಾಗಕ್ಕೆ ಬಂದು ನಿಂತಿದ್ದಳು.

ಅವಳ ಇನ್ನೊಂದು ದೂರು ನನಗೆ ಬಹಳ ಹಿಡಿಸಿತು. ‘ಅತ್ತೆ, ಏನಾದ್ರೂ ಕಷ್ಟ ಬಂತು ಅಂದ್ರೆ ಅವನು ಮೂರ್ಛೆ ಹೋಗ್ತಾನೆ. ಎದ್ದಾಗ ಬೇರೆ ಎಲ್ಲೋ ಇರ್ತಾನೆ.’ ನಾನೂ ಪುಸ್ತಕ ತೆಗೆದು ನೋಡಿದೆ. ಹುಡುಗ ಪ್ರಜ್ಞೆ ತಪ್ಪುವುದು ಒಂದೆರಡು ಸಲವಲ್ಲ. ಅಧ್ಯಾಯ ಮುಗಿಸಲು ಬೇರೆ ದಾರಿ ಹೊಳೆಯದಿದ್ದಾಗ ಬರೆಯುವವರಿಗೆ ಮೂರ್ಛೆ ತುಂಬ ಅನುಕೂಲ. ನಮ್ಮ ಟಿ.ವಿ. ಧಾರಾವಾಹಿಗಳಲ್ಲೂ ಶುಕ್ರವಾರದ ಕಂತಿಗೆ ಯಾರಾದರೊಬ್ಬರು ಮೆಟ್ಟಿಲಿಂದ ಉರುಳುತ್ತಾರಲ್ಲ, ಹಾಗೆ.

ಹಳೆಯ ಕಥೆಯಾದರೆ ತಪ್ಪೇ?

ಇಲ್ಲಿ ಸ್ವಲ್ಪ ತಡೆದು ಯೋಚಿಸಬೇಕು. ಹುಟ್ಟಿನ ಗುಟ್ಟು ತಿಳಿಯದೆ ಬಡಮನೆಯಲ್ಲಿ ಬೆಳೆಯುವ ವೀರ ‘ಸ್ಟಾರ್ ವಾರ್ಸ್’ ಮಾಡಿದವರ ಸ್ವತ್ತೂ ಅಲ್ಲ. ಸೂತನ ಮನೆಯ ಕರ್ಣ, ಗೊಲ್ಲರ ಮನೆಯ ಕೃಷ್ಣ ನಮಗೆ ಗೊತ್ತು. ಚಂದ್ರಹಾಸನಂತೂ ಈ ಸಾಲಿಗೆ ಹೇಳಿಮಾಡಿಸಿದವನು. ರಾಜನ ಮಗ, ತಬ್ಬಲಿ, ದಾದಿಯ ಕೈಯಲ್ಲಿ ಬೆಳೆದವನು, ಕೊಲ್ಲಲು ಕಾದಿರುವ ಮಂತ್ರಿ ದುಷ್ಟಬುದ್ಧಿ. ‘ವಿಷ’ ಕೊಡಿ ಎಂದು ಬರೆದ ಓಲೆಗೆ ಕಾಡಿಗೆಯಿಂದ ಒಂದಕ್ಷರ ಸೇರಿಸಿ, ‘ವಿಷಯೆ’ ಎಂಬ ತನ್ನ ಹೆಸರನ್ನೇ ಮಾಡಿಬಿಡುವ ಮಂತ್ರಿಯ ಮಗಳು! ಪಾವೊಲಿನಿ ಒಂದಕ್ಷರ ಬದಲಿಸಿ ಹೀರೋನ ಹೆಸರು ಮಾಡಿದ. ಇಲ್ಲಿ ಒಂದಕ್ಷರ ಜೀವವನ್ನೇ ಉಳಿಸಿತು.

ಲಕ್ಷ್ಮೀಶ ಕವಿ ‘ಜೈಮಿನಿ ಭಾರತ’ದಲ್ಲಿ ಚಂದ್ರಹಾಸನ ಕಥೆ ಹೇಳಿದಾಗ ಅದು ಅವನು ಹುಟ್ಟಿಸಿದ ಕಥೆಯಲ್ಲ. ಕುಮಾರವ್ಯಾಸನ ಭಾರತವೂ ಕುಮಾರವ್ಯಾಸನ ಕಲ್ಪನೆಯಲ್ಲ. ನಾವು ಯಾರೂ ಅವರನ್ನು ಕದ್ದವರು ಎನ್ನುವುದಿಲ್ಲ. ಏಕೆಂದರೆ ಗೊತ್ತಿದ್ದ ಕಥೆಯನ್ನೇ ಕೇಳುತ್ತಿದ್ದರೂ ಮುಂದಿನ ಪದ್ಯದಲ್ಲಿ ಅವರು ಏನು ಮಾಡುತ್ತಾರೋ ನಮಗೆ ಗೊತ್ತಿರುವುದಿಲ್ಲ. ಹೇಳುವವನ ದನಿ ಅಷ್ಟು ಸ್ವಂತದ್ದು. ‘ಎರಗಾನ್’ನಲ್ಲಿ ಆ ದನಿ ಇನ್ನೂ ಒಡೆದಿಲ್ಲ. ಹದಿನೈದು–ಹದಿನಾರರ ಹುಡುಗ ತಾನು ಪ್ರೀತಿಯಿಂದ ಓದಿದ, ನೋಡಿದ ಎಲ್ಲವನ್ನೂ ಒಟ್ಟು ಹಾಕಿದ್ದಾನೆ. ಪ್ರೀತಿ ಪ್ರತಿ ಪುಟದಲ್ಲೂ ಕಾಣುತ್ತದೆ. ಆದರೆ ಇದು ಪಾವೊಲಿನಿಗೆ ಮಾತ್ರ ಹೊಳೆಯಲು ಸಾಧ್ಯ ಎನ್ನಿಸುವ ಜಾಗಗಳು ಕಡಿಮೆ. ನನ್ನ ಓದಿಗೆ ಪುಸ್ತಕದ ದೊಡ್ಡ ಕೊರತೆ ಅದು. ಲೇಖಕ ಚಿಕ್ಕವನು ಎಂಬ ಕಾರಣಕ್ಕೆ ಬೆನ್ನು ತಟ್ಟಬಹುದು, ಪುಸ್ತಕದ ಮೇಲಿನ ತೀರ್ಪನ್ನು ಬದಲಿಸಲಾಗದು.

ಹರಿಹರದಿಂದ ಬಂದ ವಕಾಲತ್ತು

ಇಷ್ಟಾಗಿದ್ದರೆ ವಿಷಯ ಮುಗಿಯುತ್ತಿತ್ತು. ಆದರೆ ದಾವಣಗೆರೆಯಿಂದ ಹದಿನಾಲ್ಕು ಕಿಲೋಮೀಟರ್ ದೂರದ ಹರಿಹರದಲ್ಲಿ ನನ್ನ ಅಕ್ಕನ ಮಗನಿದ್ದಾನೆ. ಈಗ ಪಿ.ಯು.ಸಿ. ಏಳನೇ ತರಗತಿಯಲ್ಲಿದ್ದಾಗ ಯಾರದೋ ಹಳೆಯ ಪ್ರತಿ ಸಿಕ್ಕಿ, ‘ಎರಗಾನ್’ ಅನ್ನು ಮೂರು ಸಲ ಓದಿದವನು. ಹಬ್ಬಕ್ಕೆ ಎಲ್ಲರೂ ಸೇರಿದಾಗ ಅವನ ಮುಂದೆ ಪುಸ್ತಕವನ್ನು ಬೈದದ್ದೇ ತಡ, ಹೋಳಿಗೆ ಪಕ್ಕಕ್ಕಿಟ್ಟು ವಾದಕ್ಕೆ ನಿಂತ.

ಅವನ ತಾತ ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ಮೇಲೆ ದುಡಿದವರು. ಮೊಮ್ಮಗನಿಗೂ ಯಂತ್ರ ಹೇಗೆ ಓಡುತ್ತದೆ ಎಂದು ಬಿಚ್ಚಿ ನೋಡುವ ಚಪಲ. ‘ಚಿಕ್ಕಮ್ಮ, ಮಂತ್ರದ ಲೆಕ್ಕ ನೋಡಿದ್ರಾ?’ ಎಂದು ಶುರುಮಾಡಿದ. ಪಾವೊಲಿನಿಯ ಲೋಕದಲ್ಲಿ ಮಂತ್ರ ಪುಕ್ಕಟೆಯಲ್ಲ. ಒಂದು ಬಂಡೆಯನ್ನು ಮಂತ್ರದಿಂದ ಎತ್ತಿದರೂ ಕೈಯಿಂದ ಎತ್ತಿದಷ್ಟೇ ಶಕ್ತಿ ಮೈಯಿಂದ ಇಳಿಯುತ್ತದೆ. ಶಕ್ತಿ ಮೀರಿ ಮಂತ್ರ ಹಾಕಿದರೆ ಪ್ರಾಣವೇ ಹೋಗಬಹುದು. ‘ಅವನು ಮೂರ್ಛೆ ಹೋಗೋದು ಅದಕ್ಕೇ. ಮಂತ್ರಕ್ಕೆ ಖರ್ಚಾಗಿರುತ್ತೆ’ ಎಂದ. ಹುಡುಗಿ, ‘ಪ್ರತಿ ಸಲಾನೂ ಅದಕ್ಕೇ ಅಲ್ಲ’ ಎಂದಳು. ಇಬ್ಬರೂ ಪುಟ ತಿರುಗಿಸಿ ಎಣಿಸಲು ಕೂತರು. ನಾಲ್ಕು ತಿಂಗಳಿಂದ ಮುಚ್ಚಿದ್ದ ಪುಸ್ತಕ ತೆರೆದುಕೊಂಡಿತು. ಅದೂ ಜಗಳಕ್ಕೆ.

ಮಂತ್ರಕ್ಕೆ ಕಟ್ಟುಪಾಡು ಇರಬೇಕು ಎನ್ನುವ ಅವನ ಮಾತು ಹರಿಹರದ ಹುಡುಗನ ಬಾಯಲ್ಲಿ ಬಂದದ್ದು ನನಗೆ ಸೋಜಿಗವೆನ್ನಿಸಲಿಲ್ಲ. ಅವನ ಊರಿನ ಹೆಸರಿನಲ್ಲೇ ಅಂಥದೊಂದು ಕಥೆಯಿದೆ. ಆ ಸೀಮೆ ಹಿಂದೆ ಗುಹಾರಣ್ಯವಾಗಿತ್ತಂತೆ. ಅಲ್ಲಿದ್ದ ಗುಹಾಸುರ ತಪಸ್ಸು ಮಾಡಿ ಬ್ರಹ್ಮನಿಂದ ವರ ಪಡೆದ: ಹರಿಯಿಂದಲೂ ಸಾವಿಲ್ಲ, ಹರನಿಂದಲೂ ಸಾವಿಲ್ಲ. ಕಥೆ ಕೇಳುವ ಮಗು ಇಲ್ಲಿ ಕಣ್ಣರಳಿಸುತ್ತದೆ, ಮುಂದೇನು? ಬ್ರಹ್ಮ ವರ ವಾಪಸು ತೆಗೆದುಕೊಳ್ಳುವಂತಿಲ್ಲ. ಹರಿಯೂ ಹರನೂ ಸೇರಿ ಒಂದೇ ದೇಹವಾಗಿ ಬಂದರು. ಬಂದವನು ಹರಿಯೂ ಅಲ್ಲ, ಹರನೂ ಅಲ್ಲ, ಹರಿಹರ. ವರ ಸುಳ್ಳಾಗಲಿಲ್ಲ, ಅಸುರ ಉಳಿಯಲಿಲ್ಲ. ಹೊಯ್ಸಳರ ದಂಡನಾಯಕ ಪೊಲಾಳ್ವ 1224ರ ಹೊತ್ತಿಗೆ ಕಟ್ಟಿಸಿದ ಹರಿಹರೇಶ್ವರ ದೇವಸ್ಥಾನದಲ್ಲಿ ಆ ಮೂರ್ತಿಯನ್ನು ಈಗಲೂ ನೋಡಬಹುದು. ಬಲಕ್ಕೆ ಹರ, ಎಡಕ್ಕೆ ಹರಿ.

ಫ್ಯಾಂಟಸಿ ಎಂದರೆ ಏನು ಬೇಕಾದರೂ ಆಗಬಹುದಾದ ಕಥೆ ಎಂದು ದೊಡ್ಡವರು ತಿಳಿದಿರುತ್ತಾರೆ. ಮಕ್ಕಳಿಗೆ ಹಾಗಲ್ಲವೆಂದು ಚೆನ್ನಾಗಿ ಗೊತ್ತು. ಮೊದಲು ಕಟ್ಟು ಹಾಕಬೇಕು, ಆಮೇಲೆ ಆ ಕಟ್ಟಿನೊಳಗೇ ದಾರಿ ಹುಡುಕಬೇಕು. ಈ ಅಳತೆಗೋಲಿನಲ್ಲಿ ‘ಎರಗಾನ್’ ಅರ್ಧ ಗೆಲ್ಲುತ್ತದೆ. ಮಂತ್ರದ ಕಟ್ಟು ಚೊಕ್ಕವಾಗಿದೆ. ಆದರೆ ಕೊನೆಯ ಕಾಳಗದಲ್ಲಿ ಹುಡುಗ ಗೆಲ್ಲುವುದು ತನ್ನ ಬುದ್ಧಿಯಿಂದಲ್ಲ. ಸರಿಯಾದ ಗಳಿಗೆಗೆ ಮೇಲಿನಿಂದ ನೆರವು ಧುಮುಕಿ ಶತ್ರುವಿನ ಗಮನ ತಪ್ಪುತ್ತದೆ. ಮೊಟ್ಟೆಯಿಂದ ಮರಿ ಬರುವ ದೃಶ್ಯ, ಅದು ಬೆಳೆಯುತ್ತಾ ಹುಡುಗನೊಡನೆ ಮನಸ್ಸಿನಲ್ಲೇ ಮಾತು ಕಲಿಯುವ ಭಾಗ ಮಾತ್ರ ನಿಜಕ್ಕೂ ಮುದ್ದಾಗಿವೆ. ಅದನ್ನು ಹುಡುಗಿಯೂ ಒಪ್ಪಿದಳು.

ಹಾಗಾದರೆ ಒಂದೇ ಪುಸ್ತಕ ಒಬ್ಬರಿಗೆ ಅಮೃತ, ಇನ್ನೊಬ್ಬರಿಗೆ ಸಪ್ಪೆ ಯಾಕೆ? ಇಬ್ಬರ ಬುದ್ಧಿಯಲ್ಲಿ ಹೆಚ್ಚು ಕಡಿಮೆಯಿಲ್ಲ. ಅವನು ಓದಿದಾಗ ಹನ್ನೆರಡು ವರ್ಷ, ಅದು ಅವನ ಮೊದಲ ಡ್ರ್ಯಾಗನ್. ಅವಳು ಬರುವಾಗ ಹದಿನಾಲ್ಕು, ಹ್ಯಾರಿ ಪಾಟರ್ ಮುಗಿಸಿ, ‘ಸ್ಟಾರ್ ವಾರ್ಸ್’ ನೋಡಿ ಬಂದವಳು. ಮೊದಲ ಸಲ ತಿಂದ ಬೆಣ್ಣೆದೋಸೆಗೂ ನೂರನೆಯ ಬೆಣ್ಣೆದೋಸೆಗೂ ರುಚಿ ಒಂದೇ ಇರುವುದಿಲ್ಲ. ದೋಸೆಯೇನೂ ಬದಲಾಗಿರುವುದಿಲ್ಲ.

ಮೊದಲ ಪುಸ್ತಕದ ಭಾರ

ಸರಣಿಯ ಮೊದಲ ಪುಸ್ತಕಕ್ಕೆ ಅದರದೇ ಆದ ಕಷ್ಟಗಳಿರುತ್ತವೆ. ಇಲ್ಲದ ಲೋಕವನ್ನು ಇದೆಯೆಂದು ನಂಬಿಸಬೇಕು. ಅದರ ಬೆಟ್ಟ, ಹೊಳೆ, ರಾಜವಂಶ, ಶಾಪ, ಹಳೆಯ ಯುದ್ಧ ಎಲ್ಲ ಹೇಳಬೇಕು. ಹೇಳುತ್ತಾ ಕೂತರೆ ಕಥೆ ನಿಲ್ಲುತ್ತದೆ, ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ‘ಎರಗಾನ್’ನಲ್ಲಿ ಮುಂದುಗಡೆ ಭೂಪಟ, ಹಿಂದುಗಡೆ ಹೆಸರು ಉಚ್ಚರಿಸುವ ಬಗೆ ಮತ್ತು ಕಲ್ಪಿತ ಭಾಷೆಗಳ ಪದಕೋಶ. ನಡುವಿನಲ್ಲಿ ಎರಗಾನ್ ಮತ್ತು ಬ್ರೋಮ್ ಕುದುರೆ ಮೇಲೆ ಹೋಗುತ್ತಲೇ ಇರುತ್ತಾರೆ, ಬ್ರೋಮ್ ವಿವರಿಸುತ್ತಲೇ ಇರುತ್ತಾನೆ. ಜೊತೆಗೆ ಗುಟ್ಟುಗಳನ್ನೆಲ್ಲ ಮುಂದಿನ ಭಾಗಗಳಿಗೆ ಉಳಿಸಬೇಕು. ಆದರೂ ಈ ಪುಸ್ತಕಕ್ಕೊಂದು ಮುಕ್ತಾಯ ಬೇಕು.

ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದ 1997ರಲ್ಲೇ ಬಂದ ಮೊದಲ ಹ್ಯಾರಿ ಪಾಟರ್ ಈ ಪರೀಕ್ಷೆ ಪಾಸಾಯಿತು. ಮುಂದೆ ಆರು ಪುಸ್ತಕ ಬಾರದೇ ಹೋಗಿದ್ದರೂ ಆ ಒಂದು ಪುಸ್ತಕ ಪೂರ್ತಿ ಕಥೆಯೇ. ಎಲ್ಲರಿಗೂ ಅದು ಸಿದ್ಧಿಸುವುದಿಲ್ಲ. ಟೆರಿ ಪ್ರಾಚೆಟ್ ಅವರ ಡಿಸ್ಕ್‌ವರ್ಲ್ಡ್ ಸರಣಿಯಲ್ಲಿ 41 ಕಾದಂಬರಿಗಳಿವೆ. ಲಕ್ಷಾಂತರ ಜನ ಅದರ ಹುಚ್ಚು ಹಿಡಿಸಿಕೊಂಡಿದ್ದಾರೆ. ಆದರೆ ಹೊಸ ಓದುಗರಿಗೆ ಆ ಅಭಿಮಾನಿಗಳೇ ಕೊಡುವ ಮೊದಲ ಸಲಹೆ, 1983ರ ಮೊದಲ ಪುಸ್ತಕ ‘ದಿ ಕಲರ್ ಆಫ್ ಮ್ಯಾಜಿಕ್’ನಿಂದ ಶುರು ಮಾಡಬೇಡಿ ಎಂಬುದು. ಅದರಲ್ಲಿ ಪ್ರಾಚೆಟ್ ಇನ್ನೂ ಬೇರೆಯವರ ಕಥೆಗಳನ್ನು ಗೇಲಿ ಮಾಡುತ್ತಿದ್ದಾರೆ, ತಮ್ಮ ಕಥೆ ಸಿಕ್ಕಿಲ್ಲ. ಹದಿಹರೆಯದವರಿಗಾಗಿ ಅವರೇ ಬರೆದ ‘ದಿ ವೀ ಫ್ರೀ ಮೆನ್’ ‘ಎರಗಾನ್’ ಬಂದ 2003ರಲ್ಲೇ ಬಂತು. ಬಾಣಲಿ ಹಿಡಿದು ಮಾಯಾಲೋಕಕ್ಕೆ ನುಗ್ಗುವ ಒಂಬತ್ತರ ಹುಡುಗಿಯ ಕಥೆ. ಕುರಿ ಸಾಕುವವರ ಮನೆಯವಳು. ಡ್ರ್ಯಾಗನ್ ಮೊಟ್ಟೆಯೂ ಇಲ್ಲ, ರಾಜವಂಶವೂ ಇಲ್ಲ. ನನ್ನ ಮಟ್ಟಿಗೆ ಅದು ಹತ್ತು ‘ಎರಗಾನ್’ಗೆ ಸಮ.

ಟೋಲ್ಕಿನ್ ಅವರದು ಇನ್ನೂ ಸ್ವಾರಸ್ಯದ ಸಂಗತಿ. 1937ರ ‘ದಿ ಹಾಬಿಟ್’ನಲ್ಲಿ ಗೊಲ್ಲಮ್ ಎಂಬ ವಿಚಿತ್ರ ಜೀವಿ ಒಗಟಿನ ಪಂದ್ಯಕ್ಕೆ ತನ್ನ ಉಂಗುರವನ್ನೇ ಬಹುಮಾನವಾಗಿ ಒಡ್ಡುತ್ತಿತ್ತು. ಆಮೇಲೆ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಬರೆಯುವಾಗ ಆ ಉಂಗುರ, ಹಿಡಿದವರನ್ನೇ ಹಿಡಿದುಕೊಳ್ಳುವ ಭಯಂಕರ ವಸ್ತುವಾಯಿತು. ಅಂಥದನ್ನು ಯಾರಾದರೂ ಪಂದ್ಯಕ್ಕೆ ಇಡುತ್ತಾರೆಯೇ? ಟೋಲ್ಕಿನ್ ಹಿಂದಕ್ಕೆ ಹೋಗಿ ಹಳೆಯ ಪುಸ್ತಕದ ಆ ಅಧ್ಯಾಯವನ್ನೇ ಬದಲಿಸಿದರು. 1951ರ ಆವೃತ್ತಿಯಿಂದ ನಾವು ಓದುವುದು ತಿದ್ದಿದ ಕಥೆಯನ್ನು.

ಒಟ್ಟಿನಲ್ಲಿ ಮೊದಲ ಪುಸ್ತಕ ಹಿಡಿಸದಿದ್ದರೆ ಸರಣಿಯೇ ಹಾಳು ಎನ್ನಲೂ ಬಾರದು, ಮುಂದಿನವು ಚೆನ್ನಾಗಿದ್ದೇ ಇರುತ್ತವೆ ಎಂದು ನಂಬಿ ಒದ್ದಾಡಲೂ ಬೇಕಾಗಿಲ್ಲ. ವಾರಪತ್ರಿಕೆಗಳಲ್ಲಿ ಧಾರಾವಾಹಿ ಓದಿ ಬೆಳೆದ ನಮ್ಮ ಅಮ್ಮಂದಿರಿಗೆ ಇದು ಸಲೀಸಾಗಿತ್ತು. ಮೂರು ಕಂತು ಹಿಡಿಸಲಿಲ್ಲವೋ, ನಾಲ್ಕನೆಯದನ್ನು ತಿರುವಿಹಾಕಿ ಅಡುಗೆ ಪುಟಕ್ಕೆ ಹೋಗುತ್ತಿದ್ದರು. ದುಡ್ಡು ಒಟ್ಟಿಗೆ ಕೊಟ್ಟಿರುತ್ತಿರಲಿಲ್ಲವಲ್ಲ! ನಾಲ್ಕು ಪುಸ್ತಕ ಒಂದೇ ಡಬ್ಬದಲ್ಲಿ ಮಾರುವುದು ಈಗಿನ ಬುದ್ಧಿ.

ಅಪ್ಪನ ಮಾತಿಗೂ ಬೆಲೆಯಿದೆ

ಅಣ್ಣನ ವಾದವನ್ನು ಪೂರ್ತಿ ತಳ್ಳಿಹಾಕಲಾರೆ. ‘ಬಿಡೋದು ರೂಢಿಯಾದ್ರೆ ಯಾವುದನ್ನೂ ಮುಗಿಸಲ್ಲ’ ಎಂದ. ನಿಜ. ಕೆಲವು ಪುಸ್ತಕಗಳು ಮೊದಲು ಬಿಗಿಯಾಗಿರುತ್ತವೆ, ಆಮೇಲೆ ಸಡಿಲಾಗುತ್ತವೆ. ಕಷ್ಟದ ಪುಸ್ತಕ ಬೇರೆ, ಬೇಜಾರಿನ ಪುಸ್ತಕ ಬೇರೆ. ವ್ಯತ್ಯಾಸ ತಿಳಿಯುವುದಕ್ಕೆ ಮಗುವನ್ನೇ ಮಾತಾಡಿಸಬೇಕು. ‘ಅರ್ಥವಾಗುತ್ತಿಲ್ಲ’ ಎಂದರೆ ಪಕ್ಕದಲ್ಲಿ ಕೂತು ಎರಡು ಅಧ್ಯಾಯ ಓದಿಕೊಡಿ. ‘ಅರ್ಥವಾಗುತ್ತೆ, ಆದರೆ ಮುಂದೇನಾಗುತ್ತೆ ಅಂತ ಮೊದಲೇ ಗೊತ್ತಾಗುತ್ತೆ’ ಎಂದರೆ ಅದು ಓದು ಬಾರದವರ ಮಾತಲ್ಲ, ಓದು ಬಲಿಯುತ್ತಿರುವವರ ಮಾತು. ಆ ಮಾತಿಗೆ ಟ್ಯೂಷನ್ ಪರಿಹಾರವಲ್ಲ.

ಅಮೆರಿಕದ ಸಿಯಾಟಲ್ ನಗರದ ಗ್ರಂಥಪಾಲಕಿ ನ್ಯಾನ್ಸಿ ಪರ್ಲ್ ಒಂದು ಲೆಕ್ಕ ಹೇಳಿಕೊಟ್ಟಿದ್ದಾರೆ. ಯಾವ ಪುಸ್ತಕಕ್ಕಾದರೂ 50 ಪುಟದಷ್ಟು ಅವಕಾಶ ಕೊಡಿ, ಆಮೇಲೂ ಹಿಡಿಸದಿದ್ದರೆ ನಿಶ್ಚಿಂತೆಯಿಂದ ಬಿಡಿ. ವಯಸ್ಸು 50 ದಾಟಿದವರು ನೂರರಲ್ಲಿ ತಮ್ಮ ವಯಸ್ಸನ್ನು ಕಳೆದು ಉಳಿದಷ್ಟು ಪುಟ ಓದಿದರೆ ಸಾಕು. ಅಂದರೆ ಎಪ್ಪತ್ತರ ಅಜ್ಜಿಗೆ ಮೂವತ್ತು ಪುಟ. ವಯಸ್ಸಾದಂತೆ ಹೊತ್ತಿಗೆ ಬೆಲೆ ಹೆಚ್ಚು ಎಂದು. ನಮ್ಮಮ್ಮ ಇದನ್ನು ಕೇಳಿ, ‘ಮೂರು ಪುಟಕ್ಕೇ ಗೊತ್ತಾಗುತ್ತೆ ಬಿಡು’ ಎಂದರು.

ದುಡ್ಡಿನ ಮಾತಿಗೆ ಬಂದರೆ, ಡಬ್ಬ ಕೊಳ್ಳುವ ಮುಂಚೆ ಮೊದಲ ಪುಸ್ತಕವನ್ನು ಹೇಗಾದರೂ ಎರವಲು ಪಡೆಯಿರಿ. ಶಾಲೆಯ ಗ್ರಂಥಾಲಯ, ಸ್ನೇಹಿತರ ಮನೆ, ಹಳೆ ಪುಸ್ತಕದ ಅಂಗಡಿ, ಕೊನೆಗೆ ಅಂತರ್ಜಾಲದಲ್ಲಿ ಪ್ರಕಾಶಕರೇ ತೋರಿಸುವ ಮೊದಲ ಅಧ್ಯಾಯ. ಊರಿನ ಸಾರ್ವಜನಿಕ ಗ್ರಂಥಾಲಯವನ್ನು ನಾವು ಪರೀಕ್ಷೆಗೆ ಓದುವವರ ಜಾಗ ಎಂದುಕೊಂಡಿದ್ದೇವೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಮನೆ ಕಂದಾಯದ ಜೊತೆ ಗ್ರಂಥಾಲಯ ಕರವನ್ನೂ ನಾವು ಕಟ್ಟುತ್ತೇವೆ. ಕಟ್ಟಿದ ಮೇಲೆ ಒಳಗೆ ಹೋಗಿ ಮಕ್ಕಳ ಪುಸ್ತಕ ಕೇಳುವುದಕ್ಕೆ ಸಂಕೋಚವೇಕೆ? ಕೇಳುವವರಿದ್ದರೆ ತರಿಸುವವರಿಗೂ ಹುರುಪು.

ಕನ್ನಡದಲ್ಲಿ ಏನು ಕೊಡಲಿ ಎಂದು ಅತ್ತಿಗೆ ಕೇಳಿದರು. 1949ರಲ್ಲಿ ಕನ್ನಡದಲ್ಲಿ ಶುರುವಾದ ‘ಚಂದಮಾಮ’ದ ಹಳೆಯ ಸಂಚಿಕೆಗಳು ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ ಇಳಿಸಿ. ರಾಕ್ಷಸರು, ಮಾಂತ್ರಿಕರು ತುಂಬಿದ್ದ ಅದರ ಧಾರಾವಾಹಿಗಳಿಗಾಗಿ ನಮ್ಮ ತಲೆಮಾರು ತಿಂಗಳಿಡೀ ಕಾಯುತ್ತಿತ್ತು. ಹದಿಮೂರು–ಹದಿನಾಲ್ಕರ ಮಕ್ಕಳಿಗೆ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಕೊಡಿ. ಅದು ಫ್ಯಾಂಟಸಿಯಲ್ಲ. ಆದರೆ ಮಂದಣ್ಣನ ಜೊತೆ ಪಶ್ಚಿಮಘಟ್ಟದ ಕಾಡಿನಲ್ಲಿ ಹಾರುವ ಓತಿಯ ಬೆನ್ನು ಹತ್ತಿದವರಿಗೆ ಡ್ರ್ಯಾಗನ್ ಸಿಗಲಿಲ್ಲ ಎಂಬ ಕೊರಗು ಉಳಿಯಲಾರದು. ಹುಡುಗಿಗೆ ನಾನು ಕೊಟ್ಟದ್ದು ಅದನ್ನೇ. ಜೊತೆಗೆ ಲಗ್ವಿನ್ ಅವರ ಅರ್ಥ್‌ಸೀಯ ಮೊದಲ ಪುಸ್ತಕ. ಇನ್ನೂರು ಪುಟದ ಆಸುಪಾಸಿನ ಸಣ್ಣ ಪುಸ್ತಕ. ಮಂತ್ರ ಕಲಿಯುವ ಶಾಲೆಯ ಕಥೆ ಹ್ಯಾರಿ ಪಾಟರ್‌ಗೂ ಮುಂಚೆ ಹೇಗಿತ್ತು ಎಂದು ನೋಡಲಿ ಎಂದು. ‘ಕರ್ವಾಲೊ’ ಎರಡು ದಿನಕ್ಕೆ ಮುಗಿಯಿತು. ಅರ್ಥ್‌ಸೀ ನಿಧಾನವಾಗಿ, ‘ಇದು ಕಷ್ಟ ಐತೆ ಅತ್ತೆ, ಬೇಜಾರಿಲ್ಲ’ ಎನ್ನುತ್ತಾ ಸಾಗಿತು.

ಇತ್ತ ಹರಿಹರದ ಹುಡುಗ ಸುಮ್ಮನಿರಲಿಲ್ಲ. ಪಾವೊಲಿನಿ 2023ರಲ್ಲಿ ಅದೇ ಲೋಕಕ್ಕೆ ಮರಳಿ ‘ಮುರ್ಟಾಗ್’ ಎಂಬ ಹೊಸ ಕಾದಂಬರಿ ಬರೆದಿದ್ದಾನೆ, ನಲವತ್ತರ ಹತ್ತಿರದ ಲೇಖಕ ಹದಿನೈದರ ಹುಡುಗನಂತೆ ಬರೆಯುತ್ತಾನೆಯೇ ಎಂದು ವಾದಿಸುತ್ತಿದ್ದಾನೆ. ಅದನ್ನು ಕೊಳ್ಳಲು ಯಾರೂ ದುಡ್ಡು ಕೊಡಲಿಲ್ಲ. ಹಾಗಾಗಿ ಹುಡುಗಿಗೆ ಬೇರೊಂದು ಉಪಾಯ ಹೇಳಿದ. ‘ಎರಡನೇದರಲ್ಲಿ ಎರಗಾನನ ಅಧ್ಯಾಯ ಬಿಟ್ಟುಬಿಡು. ರೋರನ್ ಬರೋ ಅಧ್ಯಾಯ ಮಾತ್ರ ಓದು.’ ರೋರನ್ ಎರಗಾನನ ಮಾವನ ಮಗ. ಅವನ ಹತ್ತಿರ ಡ್ರ್ಯಾಗನ್ ಇಲ್ಲ, ಮಂತ್ರವಿಲ್ಲ, ಇರುವುದು ಒಂದು ಸುತ್ತಿಗೆ. ಸೈನಿಕರು ಹಳ್ಳಿಗೆ ಬಂದಾಗ ಅವನೂ ಊರಿನ ಕಮ್ಮಾರನೂ ಉಳಿದ ಮನೆಯವರೂ ಸೇರಿ ಏನು ಮಾಡುತ್ತಾರೆ ಎಂಬುದು ಆ ಅಧ್ಯಾಯಗಳ ಕಥೆ.

ಹುಡುಗಿ ಹಾಗೆಯೇ ಓದುತ್ತಿದ್ದಾಳೆ, ಬೇಡದ ಅಧ್ಯಾಯಗಳಿಗೆ ರಬ್ಬರ್ ಬ್ಯಾಂಡ್ ಹಾಕಿ. ಅಣ್ಣ ಅದನ್ನು ನೋಡಿ, ‘ಅರ್ಧ ಪುಸ್ತಕದ ದುಡ್ಡು ವಸೂಲಾಯ್ತು’ ಎಂದನಂತೆ. ಮೂರನೆಯದೂ ನಾಲ್ಕನೆಯದೂ ಇನ್ನೂ ಡಬ್ಬದಲ್ಲೇ ಇವೆ.